ಅಜ್ಜಿ ಎತ್ತುವಂಥ ನಂಬರು

ಮಂಗಳವಾರ, ಮಾರ್ಚ್ ಹತ್ತು. ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಹಳೇಬೀಡಿನಿಂದ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ, ಎಡಗಡೆ, ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಬಸ್ಸು ಇನ್ನೂ ಹೊರಟಿಲ್ಲ. ಹೊರಟ ಮೇಲೆ ಅಕ್ಷರ ಕುಣಿಯುತ್ತವೆ, ಆದ್ದರಿಂದ ಆದಷ್ಟನ್ನು ಈಗಲೇ ಬರೆದುಕೊಳ್ಳಬೇಕು.

ಡೈರಿ ತೆರೆದ ಕೂಡಲೇ ಅದರೊಳಗಿಂದ ಒಂದು ಪ್ಲಾಸ್ಟಿಕ್ ಚೌಕಟ್ಟು ತೊಡೆಯ ಮೇಲೆ ಜಾರಿ ಬಿತ್ತು. ಎಟಿಎಂ ಕಾರ್ಡಿನಷ್ಟು ಅಗಲ, ಒಂದು ಮೂಲೆಯಲ್ಲಿ ಬೆರಳಿನ ಉಗುರಿನಷ್ಟು ತೂತು. ಆ ತೂತಿನಲ್ಲಿ ಇದ್ದದ್ದು ವಿಯೆಟ್ನಾಂ ದೇಶದ ಒಂದು ಪ್ರೀಪೇಯ್ಡ್ ಸಿಮ್. ಹೋದ ನವೆಂಬರ್ ಹತ್ತನೇ ತಾರೀಕು, ಅಲ್ಲಿನ ವಿಮಾನ ನಿಲ್ದಾಣದಲ್ಲಿ ನಿಂತು ಅದನ್ನು ಮುರಿದು ತೆಗೆದವಳು ನಾನೇ. ಸಿಮ್ಮಿನ ಅವಧಿ ಎಂದೋ ಮುಗಿಯಿತು. ಚೌಕಟ್ಟನ್ನು ಪುಟದ ಗುರುತಿಗೆ ಇಟ್ಟುಕೊಂಡಿದ್ದೇನೆ. ಅದನ್ನು ಕಂಡಾಗಲೆಲ್ಲ ಆ ದಿನದ ಪುಟ ತಿರುವಿ ನೋಡುತ್ತೇನೆ. ಈ ವಾರ ತಿರುವುವುದು ಹೆಚ್ಚು. ಬರುವ ಭಾನುವಾರ ಹೊರಟು ಸೋಮವಾರ ನಾನು ಕಾರ್ಖಾನೆಯ ಕೆಲಸದ ಮೇಲೆ ಮತ್ತೆ ಅದೇ ದೇಶ ತಲುಪುವವಳಿದ್ದೇನೆ, ಯಾವ ಸಿಮ್ ತೆಗೆದುಕೊಳ್ಳಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಒಂದು ಸಿಮ್ ಆರಿಸುವುದಕ್ಕೆ ಇಷ್ಟು ತಲೆಬಿಸಿಯೇ ಎಂದು ನೀವು ಕೇಳಬಹುದು. ವಿಷಯ ಇಷ್ಟೇ. ನಾನು ತಲುಪಿದೆನೆಂದು ನನ್ನ ಬಾಯಿಂದಲೇ ಕೇಳುವವರೆಗೆ ನಮ್ಮಜ್ಜಿ ಊಟ ಮಾಡುವುದಿಲ್ಲ. ಹೊತ್ತು ಮುಳುಗಿದ ಮೇಲಂತೂ ಅವಳು ಯಾವ ಕಾಲಕ್ಕೂ ಊಟ ಮಾಡಿದವಳಲ್ಲ. ಹಾಗಾಗಿ ನನ್ನ ಫೋನು ಸೂರ್ಯ ಮುಳುಗುವುದರೊಳಗೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ನಮ್ಮ ಮನೆಗೆ ಮುಟ್ಟದಿದ್ದರೆ, ಎಪ್ಪತ್ತಾರು ವರ್ಷದ, ಸಕ್ಕರೆ ಕಾಯಿಲೆಯ ಹೆಂಗಸು ಮರುದಿನ ಬೆಳಗಾಗುವವರೆಗೆ ಉಪವಾಸ.

ಮನೆಯಲ್ಲಿ ನಾವು ಮೂವರೇ. ನಾನು ಆರು ವರ್ಷದವಳಿದ್ದಾಗ ಅಮ್ಮ ತೀರಿಹೋದಳು. ಅಂದಿನಿಂದ ನನ್ನನ್ನು ಸಾಕಿದವಳು ಅಪ್ಪನ ತಾಯಿ, ಈ ಅಜ್ಜಿ. ಅಪ್ಪನಿಗೆ ಹಳೇಬೀಡಿನಲ್ಲಿ ದಿನಸಿ ಅಂಗಡಿ. ನನಗೆ ಅರಸೀಕೆರೆಯ ಹತ್ತಿರ ತೆಂಗಿನ ನಾರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಎಷ್ಟು ನಾರು ಬಂತು, ಎಷ್ಟು ಹಗ್ಗ ಹೋಯಿತು ಎಂದು ದಾಸ್ತಾನು ಪುಸ್ತಕ ಬರೆಯುವುದು. ವಿಯೆಟ್ನಾಮಿನ ದಕ್ಷಿಣದಲ್ಲೂ ನಮ್ಮ ಹಾಗೆ ತೆಂಗು ಬೆಳೆಯುವ ಸೀಮೆ ಇದೆ. ಅಲ್ಲಿ ನಾರು ಬಿಡಿಸುವ ಹೊಸ ಯಂತ್ರ ನೋಡಿ ಬರಲು ನನ್ನನ್ನು ಆರಿಸಿದ್ದು ನನಗೆ ಯಂತ್ರದ ತಿಳಿವಳಿಕೆ ಇದೆ ಎಂದಲ್ಲ. ಕಾರ್ಖಾನೆ ನಡೆಸುವ ನಮ್ಮ ಮೇಡಂ ಎಲ್ಲರ ಮುಂದೆಯೇ ಕಾರಣ ಹೇಳಿದರು: "ಪದ್ದು ಹೋಗ್ಲಿ. ಅಲ್ಲಿ ಸೊಳ್ಳೆ ಎಷ್ಟಿತ್ತು ಅಂತಾನೂ ಬರ್ಕೊಂಡ್ ಬರ್ತಾಳೆ." ಎಲ್ಲರೂ ನಕ್ಕರು. ನಾನೂ ನಕ್ಕು, ಅದನ್ನೂ ಆ ದಿನದ ಪುಟದಲ್ಲಿ ಬರೆದುಕೊಂಡೆ.

ಬರೆಯುವ ಈ ಚಟ ಹತ್ತಿಸಿದ್ದು ಸೂರ್ಯ ಎನ್ನಬೇಕು. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕು. ಆಟ ರಂಗೇರುವುದು ಯಾವಾಗಲೂ ಐದೂವರೆಯ ಮೇಲೆಯೇ. ಬಸದಿಯ ಗೋಡೆಯ ನೆರಳು ಗೇಟಿನ ಹತ್ತಿರ ಬಂತೆಂದರೆ ನಾನು ಮಾತ್ರ ಕುಂಟೇಬಿಲ್ಲೆಯ ಬಿಲ್ಲೆ ಬಿಸುಟು ಓಡಬೇಕು. ಜೊತೆಯ ಹುಡುಗಿಯರು ಹಿಂದಿನಿಂದ ಕೂಗುತ್ತಿದ್ದರು: "ಹೋಗೇ ಹೋಗೇ, ಕೋಳಿ ಎಲ್ಲಾ ಗೂಡಿಗೆ ಸೇರ್ಕೊಂಡ್ವು, ನೀನೊಬ್ಳು ಬಾಕಿ." ಅವಮಾನ ತಡೆಯಲಾರದೆ ನಾಲ್ಕನೇ ಕ್ಲಾಸಿನಲ್ಲಿ ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನದಿನದ ಸೂರ್ಯಾಸ್ತದ ಹೊತ್ತು ಬರೆಯತೊಡಗಿದೆ. ಲೆಕ್ಕ ಸರಿಯಾಗಿದ್ದರೆ ಇನ್ನೂ ನಾಲ್ಕು ನಿಮಿಷ ಆಡಬಹುದು ಎಂಬ ಆಸೆ. ಅಜ್ಜಿಗೆ ಕ್ಯಾಲೆಂಡರು ಬೇಕಿರಲಿಲ್ಲ. ಜಗಲಿಯಲ್ಲಿ ಕೂತು, ಅಂಗೈಯ ಗೆರೆ ಕಾಣುವಷ್ಟು ಬೆಳಕು ಉಳಿದಿದೆಯೇ ಎಂದು ಕೈ ಮುಂದೆ ಹಿಡಿದು ನೋಡುವಳು. "ಗೆರೆ ಕಾಣ್ತಾ ಐತೆ, ಬಾ, ಉಣ್ಣು" ಎನ್ನುವಳು. ಅವಳ ಅಂಗೈಗೂ ನನ್ನ ಕ್ಯಾಲೆಂಡರಿಗೂ ಎರಡು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದದ್ದು ಮೋಡದ ದಿನಗಳಲ್ಲಿ ಮಾತ್ರ.

(ಬಸ್ಸು ಹೊರಟಿತು. ಈ ಪ್ಯಾರಾದಿಂದ ಅಕ್ಷರಗಳಿಗೆ ನಾನು ಜವಾಬ್ದಾರಳಲ್ಲ.)

ಅಜ್ಜಿಯ ಇನ್ನೊಂದು ಪದ್ಧತಿ ಹೇಳಬೇಕು. ನಾನು ಊರು ಬಿಟ್ಟು ಹೋಗುವಾಗಲೆಲ್ಲ ಅವಳು ಬಸದಿಯಲ್ಲಿ ಕೈಮುಗಿದು ಒಂದು ನಿಯಮ ತೆಗೆದುಕೊಳ್ಳುತ್ತಾಳೆ. ಅದರಲ್ಲಿ ಎರಡು ಭಾಗ. ನಾನು ತಲುಪಿದ ಮಾತು ಕಿವಿಗೆ ಬೀಳುವವರೆಗೆ ಅನ್ನವಿಲ್ಲ, ನೀರು ಮಾತ್ರ. ಜೊತೆಗೆ, ತಿನ್ನುವ ಒಂದು ಪದಾರ್ಥವನ್ನು ಜೀವ ಇರುವವರೆಗೆ ಬಿಡುವುದು. ಶಾಲೆಯವರು ನಮ್ಮನ್ನು ಪ್ರವಾಸಕ್ಕೆ ಕರೆದೊಯ್ದಾಗ ಸೀಬೆಹಣ್ಣು ಬಿಟ್ಟಳು. ಹತ್ತನೇ ತರಗತಿಯ ಪರೀಕ್ಷೆಗೆ ಬೇಲೂರಿಗೆ ಹೋದಾಗ ಹಲಸು. ಹಾಸನದ ಕಾಲೇಜಿಗೆ ಸೇರಿದ ದಿನ ಅವರೆಕಾಯಿ. ಹಾಸನ ಸೀಮೆಯಲ್ಲಿ ಹುಟ್ಟಿ ಅವರೆಕಾಯಿ ಬಿಡುವುದೆಂದರೆ ಏನೆಂದು ಈ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆ ವರ್ಷ ಬೀದಿಯಲ್ಲೆಲ್ಲ ಸೊಗಡು ಹಬ್ಬಿದಾಗ ಅಜ್ಜಿ ಕಿಟಕಿ ಮುಚ್ಚಿ ಒಳಗೆ ಕೂತಿದ್ದಳು. ಡೈರಿಯ ಕೊನೆಯ ಪುಟದಲ್ಲಿ ಇವೆಲ್ಲ ತಾರೀಕಿನ ಸಮೇತ ಇವೆ. ಹೋದ ನವೆಂಬರಿನ ಪ್ರಯಾಣಕ್ಕೆ ಮುಂಚೆ ಒಟ್ಟು ಏಳು. ಯಾವ ನಿಯಮಕ್ಕೂ ಸಿಗದಂತೆ ಅವಳು ಕಾಪಾಡಿಕೊಂಡು ಬಂದದ್ದು ಕಾಫಿ ಒಂದನ್ನೇ. ಬೆಳಿಗ್ಗೆ ಒಂದು ಲೋಟ, ಮೂರು ಗಂಟೆಗೆ ಒಂದು ಲೋಟ, ಸಕ್ಕರೆ ಇಲ್ಲದ ಕಪ್ಪನೆಯ ಕಾಫಿ. ಅದನ್ನೂ ಬಿಡುವ ಯೋಚನೆ ಇದೆಯೇ ಎಂದು ಒಮ್ಮೆ ಅಪ್ಪ ರೇಗಿಸಿದಾಗ, ಕಾಫಿಯ ಸುದ್ದಿಗೆ ದೇವರೂ ಬರುವುದಿಲ್ಲ ಎಂದು ಮುಖ ತಿರುಗಿಸಿದ್ದಳು.

ಆ ಏಳು ಸಲವೂ ತೊಂದರೆಯಾಗಲಿಲ್ಲ. ಬೇಲೂರಾಗಲಿ ಹಾಸನವಾಗಲಿ, ಇಳಿದ ಕೂಡಲೇ ಫೋನು ಮಾಡುತ್ತಿದ್ದೆ. ಅಜ್ಜಿಯ ಬಟನ್ ಫೋನಿನ ಚಿಕ್ಕ ಪರದೆಯ ಮೇಲೆ ಪದ್ದು ಎಂದು ಮೂಡುತ್ತಿತ್ತು, ಎತ್ತುತ್ತಿದ್ದಳು, ಉಣ್ಣುತ್ತಿದ್ದಳು.

ಇನ್ನು ನಾನು ಮಾಡಿದ ಘನಕಾರ್ಯ. ಹೋದ ವರ್ಷ ಮಳೆಗಾಲದಲ್ಲಿ ಯಾರೋ ಒಬ್ಬ ಅಜ್ಜಿಗೆ ಫೋನು ಮಾಡಿ, ನಿಮ್ಮ ಮೊಮ್ಮಗಳನ್ನು ಪೊಲೀಸರು ಹಿಡಿದಿದ್ದಾರೆ, ಬಿಡಿಸಬೇಕಾದರೆ ಕೂಡಲೇ ದುಡ್ಡು ಕಳಿಸಿ ಎಂದ. ಅಜ್ಜಿ ಚಪ್ಪಲಿ ಮೆಟ್ಟದೆ ಬಸ್ತಿಹಳ್ಳಿಯಿಂದ ಅಪ್ಪನ ಅಂಗಡಿಯವರೆಗೆ ಓಡಿದಳು. ನಾನು ಆ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ಹಗ್ಗದ ಸುರುಳಿ ಎಣಿಸುತ್ತಿದ್ದೆ. ದುಡ್ಡೇನೂ ಹೋಗಲಿಲ್ಲ. ಆದರೆ ಎರಡು ದಿನ ಅವಳು ನನ್ನನ್ನು ಕೆಲಸಕ್ಕೆ ಹೋಗಲು ಬಿಡಲಿಲ್ಲ. ಆ ಭಾನುವಾರವೇ ಕೂತು ದಪ್ಪ ಹಾಳೆಯಲ್ಲಿ ನಾಲ್ಕು ಸೂಚನೆ ಬರೆದು ಫೋನಿನ ಗೂಡಿನ ಮೇಲೆ ಅಂಟಿಸಿದೆ. ಹೆಸರು ಬರದ ನಂಬರನ್ನು ಎತ್ತಬಾರದು. ನಂಬರಿನ ಮೊದಲು ನಮ್ಮ ದೇಶದ ಒಂಬತ್ತು-ಒಂದು ಬಿಟ್ಟು ಬೇರೆ ಇದ್ದರೆ ಕೂಡಲೇ ಕೆಂಪು ಗುಂಡಿ ಒತ್ತಬೇಕು. ಅಂಥ ಪ್ರತಿ ಕರೆಯ ಹೊತ್ತನ್ನೂ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ದೂರು ಕೊಡಬೇಕಾದರೆ ಬೇಕಾಗುತ್ತದೆ. ಅಪ್ಪಿತಪ್ಪಿ ಎತ್ತಿದರೆ, ಮನೆಯವರ ಧ್ವನಿಯೇ ಕೇಳಿದರೂ ನಂಬದೆ, ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಬೇಕು. ಅಪ್ಪನಿಗೂ ಒಂದು ಪ್ರತಿ ಕೊಟ್ಟೆ. ಇಬ್ಬರಿಂದಲೂ ಮೂರು ಸಲ ಓದಿಸಿದೆ. ಇಷ್ಟು ವಿಧೇಯ ವಿದ್ಯಾರ್ಥಿಗಳು ಯಾವ ಮೇಷ್ಟರಿಗೂ ಸಿಕ್ಕಿರಲಾರರು.

ನವೆಂಬರಿನ ಪ್ರಯಾಣಕ್ಕೆ ಮೂರು ವಾರ ಮುಂಚೆಯೇ ಸಿಮ್ಮಿನ ಪಟ್ಟಿ ಮಾಡಿದ್ದೆ. ನಮ್ಮದೇ ಸಿಮ್ಮಿಗೆ ಪರದೇಶದ ರೋಮಿಂಗ್ ಹಾಕಿಸಿಕೊಂಡು ಹೋಗುವುದು ಒಂದು. ಬರೀ ಇಂಟರ್ನೆಟ್ ಇರುವ, ಮಾತಾಡಲು ಬಾರದ ಪ್ರವಾಸಿ ಸಿಮ್ ಒಂದು. ಇಂಟರ್ನೆಟ್ ಇಲ್ಲದೆ, ಮಾತಿಗೆ ಮಾತ್ರ ನಿಮಿಷಗಳಿರುವ ಸಿಮ್ ಇನ್ನೊಂದು. ಪಟ್ಟಿ ಹಿಡಿದು ಅರಸೀಕೆರೆ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯ ಮಂಜಣ್ಣನ ಹತ್ತಿರ ಹೋದೆ. ನನ್ನ ಫೋನಿಗೆ ಎರಡು ಸಲ ಗಾಜು ಹಾಕಿಕೊಟ್ಟವನು ಅವನೇ.

"ವಿಯೆಟ್ನಾಮಾ? ಅಲ್ಲಿ ಯುದ್ಧ ಮುಗೀತೇನಮ್ಮಾ?" ಎಂದ.

ಮುಗಿದು ನಾವಿಬ್ಬರೂ ಹುಟ್ಟುವಷ್ಟು ಕಾಲವಾಯಿತು ಎಂದೆ. ಅವನು ಪಟ್ಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. ರೋಮಿಂಗಿನ ಸಾಲಿಗೆ ಬೆರಳಿಟ್ಟು, ಅದನ್ನು ಮಾತ್ರ ಮಾಡಬೇಡ, ವಿಮಾನ ಇಳಿಯುವುದರೊಳಗೆ ಬ್ಯಾಲೆನ್ಸ್ ಎಲ್ಲ ನುಂಗಿಹಾಕುತ್ತದೆ, ಈ ಸಿಮ್ ಮನೆಯಲ್ಲೇ ಬಿಟ್ಟು ಹೋಗು ಎಂದ. ನುಂಗುವುದೋ ಇಲ್ಲವೋ, ಅವನಿಗೂ ಖಚಿತವಾಗಿ ಗೊತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ಅವನ ಮಾತನ್ನು ಶಾಸನದಂತೆ ಬರೆದುಕೊಂಡೆ. ಬರೀ ಇಂಟರ್ನೆಟ್ಟಿನ ಸಿಮ್ಮನ್ನು ನಾನೇ ಹೊಡೆದುಹಾಕಿದೆ: ಅಜ್ಜಿಯದು ಬಟನ್ ಫೋನು, ವಾಟ್ಸಾಪ್ ಇಲ್ಲ. ಉಳಿದದ್ದು ಮಾತಿನ ಸಿಮ್. ಅದರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದೆ. ನನ್ನ ಸಿಮ್ಮನ್ನು ಬೀರುವಿನಲ್ಲಿ, ಅಪ್ಪನ ಅಂಗಡಿ ಲೈಸೆನ್ಸಿನ ಜೊತೆ, ಲಕೋಟೆಯಲ್ಲಿಟ್ಟೆ. ಲಕೋಟೆಯ ಮೇಲೆ ತಾರೀಕು ಬರೆದೆ.

ಇದರಲ್ಲಿನ ತಪ್ಪನ್ನು ನೀವು ಇಷ್ಟು ಹೊತ್ತಿಗೆ ಕಂಡಿರುತ್ತೀರಿ. ನಾನು ಕಾಣಲಿಲ್ಲ. ನನಗೆ ಅಜ್ಜಿಯ ಫೋನಿನಲ್ಲಿ ಪದ್ದು ಎಂದು ಮೂಡುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, ನಾನು ಎಲ್ಲಿಂದ ಯಾವುದರಿಂದ ಮಾಡಿದರೂ ಹಾಗೇ ಮೂಡುತ್ತದೆಂದು ಮನಸ್ಸು ಒಪ್ಪಿಕೊಂಡುಬಿಟ್ಟಿತ್ತು. ಆ ಹೆಸರು ಸೇರಿದ್ದು ನನಗಲ್ಲ, ಬೀರುವಿನಲ್ಲಿ ಬಿಟ್ಟು ಬಂದ ಸಿಮ್ಮಿನ ತುಣುಕಿಗೆ ಎನ್ನುವುದು ಮೂರು ವಾರದಲ್ಲಿ ಒಮ್ಮೆಯೂ ಹೊಳೆಯಲಿಲ್ಲ.

ವಿಮಾನ ನಿಲ್ದಾಣದಲ್ಲಿ ಸಿಮ್ ಮಾರುವ ಹುಡುಗಿ ಇಂಟರ್ನೆಟ್ ಸಿಮ್ಮನ್ನೇ ಮತ್ತೆ ಮತ್ತೆ ಮುಂದಿಟ್ಟಳು. ಎಲ್ಲರೂ ಅದನ್ನೇ ಒಯ್ಯುತ್ತಾರೆಂದು ಸನ್ನೆ ಮಾಡಿದಳು. ನಾನು ತಲೆಯಾಡಿಸಿ, ಕಿವಿಗೆ ಕೈ ಹಿಡಿದು, ಬಾಗಿದ ಬೆನ್ನು ತೋರಿಸಿ ಅಜ್ಜಿಯನ್ನು ಅಭಿನಯಿಸಿದೆ. ಅವಳಿಗೆ ಏನು ತಿಳಿಯಿತೋ, ನಕ್ಕು, ಹಿಂದಿನ ಡಬ್ಬಿಯಿಂದ ಮಾತಿನ ಸಿಮ್ ತೆಗೆದುಕೊಟ್ಟಳು. ಭಾರತಕ್ಕೆ ಇಪ್ಪತ್ತು ನಿಮಿಷ ಮಾತು. ಪಟ್ಟಿಯಲ್ಲಿ ವೃತ್ತ ಹಾಕಿದ್ದು ಸಿಕ್ಕಿತೆಂದು ಹೆಮ್ಮೆಯಿಂದ ನಿಂತು ಫೋನು ಹಚ್ಚಿದೆ. ನಮ್ಮ ದೇಶದ ಲೆಕ್ಕದಲ್ಲಿ ಆಗ ಹನ್ನೊಂದೂವರೆ. ಒಂದು ರಿಂಗ್ ಆಯಿತು, ಎರಡನೆಯದಕ್ಕೆ ಕಟ್ಟಾಯಿತು.

ಸಿಗ್ನಲ್ ಇರಲಿಕ್ಕಿಲ್ಲ ಎಂದುಕೊಂಡೆ. ಯಾವ ಕೆಲಸವನ್ನೇ ಆಗಲಿ ಮತ್ತೆ ಪ್ರಯತ್ನಿಸುವಾಗ ಅರ್ಧ ಗಂಟೆ ಬಿಡುವುದು ನನ್ನ ಪದ್ಧತಿ. ಹನ್ನೆರಡಕ್ಕೆ ಮಾಡಿದೆ. ಕಟ್. ಅಷ್ಟರಲ್ಲಿ ನನ್ನನ್ನು ತೆಂಗಿನ ಊರಿಗೆ ಒಯ್ಯುವ ವ್ಯಾನು ಬಂದಿತ್ತು. ಹನ್ನೆರಡೂವರೆಗೆ ವ್ಯಾನಿನಿಂದ ಮಾಡಿದೆ. ಕಟ್. ಮೂರನೆಯ ಸಲ ಕಟ್ಟಾದಾಗ, ದೂರದಲ್ಲಿ ಒಂದು ಬೆರಳು ಕೆಂಪು ಗುಂಡಿ ಒತ್ತಿದ್ದು ಕಣ್ಣಿಗೆ ಕಟ್ಟಿತು. ಅದರ ಮೇಲ್ಗಡೆ ಗೋಡೆಯಲ್ಲಿ ನನ್ನ ಕೈಬರಹದ ದಪ್ಪ ಹಾಳೆ.

ಅಪ್ಪನ ನಂಬರಿಗೆ ಮಾಡಿದೆ. ಕಟ್. ಐದು ನಿಮಿಷ ಬಿಟ್ಟು ಮಾಡಿದೆ, ರಿಂಗೇ ಆಗಲಿಲ್ಲ. ಅಪ್ಪ ನಂಬರನ್ನು ಬ್ಲಾಕ್ ಮಾಡಿದ್ದರು. ಆಮೇಲೆ ಅದನ್ನು ಅವರು ಅಭಿಮಾನದಿಂದಲೇ ಹೇಳಿಕೊಂಡರು. ಡೈರಿಯಲ್ಲಿದ್ದ ಪಕ್ಕದ ಮನೆಯ ನಂಬರಿಗೆ ಹಚ್ಚಿದೆ. ಆ ಮನೆಗೂ ನನ್ನ ಸೂಚನೆಯ ಒಂದು ಪ್ರತಿ ಹೋಗಿತ್ತೆಂದು ಕಟ್ಟಾದ ಮೇಲೆ ನೆನಪಾಯಿತು. ಎಸ್ಸೆಮ್ಮೆಸ್ಸು ಕಳಿಸೋಣವೆಂದರೆ ಅಜ್ಜಿ ಓದುವುದು ಕನ್ನಡ ಮಾತ್ರ, ಅವಳ ಫೋನಿಗೆ ಕನ್ನಡ ಅಕ್ಷರ ಹೋದರೆ ಬರೀ ಚೌಕಗಳು ಮೂಡುತ್ತವೆ. ವ್ಯಾನಿನ ಕಿಟಕಿಯಾಚೆ ತೆಂಗಿನ ತೋಟ, ಕಾಲುವೆ, ಮತ್ತೆ ತೆಂಗಿನ ತೋಟ. ಅರಸೀಕೆರೆಯ ದಾರಿಯಲ್ಲೇ ಹೋಗುತ್ತಿರುವಂತಿತ್ತು, ಅದು ಇನ್ನೂ ಕೆಟ್ಟದಾಗಿತ್ತು. ಇಳಿದು ಒಂದು ಬಸ್ಸು ಹಿಡಿದರೆ ಮನೆ ಸಿಗುತ್ತದೆಂದು ಅನಿಸುತ್ತಿತ್ತು.

ಬೇಲೂರಿನ ಡಾಕ್ಟರು ಅಜ್ಜಿಗೆ ಹೇಳಿದ್ದ ಮಾತು ಕಿವಿಯಲ್ಲಿ ಸುತ್ತತೊಡಗಿತು. ಮಾತ್ರೆ ನುಂಗಿ ಊಟ ಬಿಟ್ಟರೆ ತಲೆ ಸುತ್ತಿ ಬೀಳುತ್ತೀರಿ ಎಂದಿದ್ದರು. ಅಜ್ಜಿ ಅದಕ್ಕೆ ಕಂಡುಕೊಂಡ ಉಪಾಯ, ಊಟ ಬಿಟ್ಟ ದಿನ ಮಾತ್ರೆಯನ್ನೂ ಬಿಡುವುದು. ಹಿಂದಿನ ದಿನ ಸಂಜೆ ಉಂಡವಳು. ಹದಿನೆಂಟು ಗಂಟೆಯಾಯಿತು, ಇಪ್ಪತ್ತಾಯಿತು. ಆ ದಿನದ ಪುಟ ಈಗಲೂ ಇದೆ. ಎಡಗಡೆ ಹೊತ್ತು, ಬಲಗಡೆ ಕಟ್, ಕಟ್, ಕಟ್. ಕೆಳಗೆ ಬರುತ್ತ ಅಕ್ಷರಗಳು ಚಿಕ್ಕದಾಗಿವೆ. ಹಳೇಬೀಡಿನ ಆ ದಿನದ ಸೂರ್ಯಾಸ್ತ ಐದು ಗಂಟೆ ಐವತ್ತೆಂಟು ನಿಮಿಷ ಎಂದು ಪುಟದ ತಲೆಯಲ್ಲಿ ಬರೆದು ಎರಡು ಗೆರೆ ಎಳೆದಿದ್ದೇನೆ. ನಾನಿದ್ದಲ್ಲಿ ಸೂರ್ಯ ಅದಕ್ಕಿಂತ ಎರಡು ಗಂಟೆ ಮುಂಚೆಯೇ ಮುಳುಗಿಬಿಟ್ಟಿದ್ದ. ಮುಳುಗಿದ್ದನ್ನು ಕಣ್ಣಾರೆ ಕಂಡ ಮೇಲೆ, ಮನೆಯಲ್ಲಿ ಇನ್ನೂ ಬೆಳಕಿದೆ ಎಂದು ನಂಬುವುದು ಎಷ್ಟು ಕಷ್ಟ.

ಲಾಡ್ಜು ತಲುಪಿದ ಕೂಡಲೇ ಅಲ್ಲಿನ ವೈಫೈ ಹಿಡಿದು ಅಪ್ಪನಿಗೆ ವಾಟ್ಸಾಪ್ ಕಳಿಸಿದೆ. ಒಂದೇ ಟಿಕ್ ಬಿತ್ತು, ಸಂದೇಶ ಅಪ್ಪನಿಗೆ ಮುಟ್ಟಿರಲಿಲ್ಲ. ಅಪ್ಪ ಬೆಳಿಗ್ಗೆ ಒಮ್ಮೆ ಇಂಟರ್ನೆಟ್ ಹಾಕಿ ನೋಡಿ, ಆಮೇಲೆ ದೀಪ ಆರಿಸಿದ ಹಾಗೆ ಆರಿಸಿಡುವವರು. ಕಾರ್ಖಾನೆಯವರಿಗೆ ಹೇಳಿ ಫೋನು ಮಾಡಿಸೋಣವೆಂದರೆ ಅವರ ನಂಬರುಗಳಿಗೂ ನಮ್ಮ ಮನೆಯ ಫೋನುಗಳಲ್ಲಿ ಹೆಸರಿಲ್ಲ.

ಐದೂವರೆಗೆ ಹದಿಮೂರನೆಯ ಸಲ ಮಾಡಿದೆ. ಒಂದು ರಿಂಗ್. ಎರಡು. ಕಟ್ಟಾಗಲಿಲ್ಲ. ಮೂರು, ನಾಲ್ಕು. ಗುಂಡಿ ಒತ್ತಿದ ಸದ್ದು. ಆ ಕಡೆಯಿಂದ ಉಸಿರು ಕೇಳುತ್ತಿತ್ತು.

"ಅಜ್ಜಿ, ನಾನು" ಎಂದೆ.

"ನಾನು ಅಂದ್ರೆ ಯಾರು?"

"ಪದ್ದು."

"ಪದ್ದು ಅಂತ ಹೇಳೋಕೆ ಕಳ್ಳಂಗೂ ಬತ್ತೈತೆ. ತಡಿ, ಪ್ರಶ್ನೆ ಕೇಳ್ಬೇಕು."

ನಾವು ಮೊದಲೇ ಒಂದು ಪ್ರಶ್ನೆ ಗೊತ್ತುಮಾಡಿಟ್ಟಿದ್ದೆವು, ನಮ್ಮ ಹಳೆಯ ಹಸುವಿನ ಹೆಸರು. ಅದನ್ನು ಕೇಳಲೆಂದು ಕಾದೆ. ಅಜ್ಜಿಗೆ ಅದು ಮರೆತೇ ಹೋಗಿತ್ತು. ಬದಲಿಗೆ ಇನ್ನೊಂದನ್ನು ಕೇಳಿದಳು: "ನಾನು ಇಲ್ಲೀಗಂಟ ಏನೇನ್ ಬಿಟ್ಟಿದ್ದೀನಿ, ಎಷ್ಟು?"

ಇದಕ್ಕಿಂತ ಸುಲಭದ ಪ್ರಶ್ನೆ ಜಗತ್ತಿನಲ್ಲಿ ನನಗೆ ಇನ್ನೊಂದಿರಲಿಲ್ಲ. ಡೈರಿಯ ಕೊನೆಯ ಪುಟ ತಿರುವಿ, ಏಳು ಎಂದು ಹೇಳಿ, ಸೀಬೆಯಿಂದ ಶುರುಮಾಡಿ ತಾರೀಕು ಸಮೇತ ಓದಿದೆ.

"ತಪ್ಪು" ಎಂದಳು ಅಜ್ಜಿ.

ನನ್ನ ಕೈಗಡಿಯಾರದಲ್ಲಿ ನಮ್ಮೂರಿನ ಐದೂ ಮೂವತ್ತನಾಲ್ಕು. ಇನ್ನು ಕೆಂಪು ಗುಂಡಿ ಒತ್ತಿಬಿಡುತ್ತಾಳೆಂದು, ಅಜ್ಜಿ ಇಡಬೇಡ, ಪಟ್ಟಿ ನನ್ನ ಕೈಯಲ್ಲೇ ಇದೆ, ಏಳೇ ಇರುವುದು, ಬೇಕಾದರೆ ಹಸುವಿನ ಹೆಸರು ಕೇಳು ಎಂದು ಒಂದೇ ಉಸಿರಿಗೆ ಗೋಗರೆದೆ.

"ಎಂಟು ಕಣೇ" ಎಂದಳು. ಧ್ವನಿ ಮೆತ್ತಗಾಗಿತ್ತು. "ನೀನ್ ಮೊನ್ನೆ ಪೆಟ್ಟಿಗೆ ಕಟ್ತಿದ್ದಾಗ ಬಸದಿಗೆ ಹೋಗಿ ಕಾಫಿ ಬಿಟ್ಟು ಬಂದೆ. ನಿಂಗೆ ಹೇಳಿರ್ಲಿಲ್ಲ. ತಾರೀಕು ಹಾಕ್ಕೊಂಡು ಏಳು ಅಂದ್ಯಲ್ಲ, ಅಲ್ಲೇ ನೀನು ಅಂತ ಗೊತ್ತಾಯ್ತು."

ಹಾಗಾದರೆ ಇಷ್ಟು ಹೊತ್ತು ಕಟ್ ಮಾಡಿದವಳು ಈಗ ಎತ್ತಿದ್ದು ಏಕೆ ಎಂದು ಕೇಳಿದೆ. ಅವಳು ಹೇಳಿದ್ದನ್ನು ಆ ಸಂಜೆಯೇ ಬರೆದುಕೊಂಡಿದ್ದೇನೆ. ಸೂಚನೆಯ ಪ್ರಕಾರ ಪ್ರತಿ ಸಲವೂ ಕಟ್ ಮಾಡಿ ಹೊತ್ತು ಬರೆದಿಟ್ಟಿದ್ದಳಂತೆ. ಐದು ಗಂಟೆಗೆ, ಸುಮ್ಮನೆ ಕೂರಲಾರದೆ, ಬರೆದದ್ದನ್ನು ಮೇಲಿನಿಂದ ಓದಿದಳಂತೆ. ಹನ್ನೊಂದೂವರೆ, ಹನ್ನೆರಡು, ಹನ್ನೆರಡೂವರೆ, ಒಂದು. "ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ಇಂಥ ಕಳ್ಳ ಎಲ್ಲಾದ್ರೂ ಉಂಟೇನೇ? ಐದೂವರೆಗೆ ಬರ್ಲಿ, ಬಂದ್ರೆ ನಮ್ ಹುಡ್ಗೀನೇ ಅಂತ ಕೈಯಲ್ ಹಿಡ್ಕೊಂ‌ಡ್ ಕೂತಿದ್ದೆ."

ಮಾತು ಸಾಕು, ಮೊದಲು ಊಟ ಮಾಡು ಎಂದೆ. ಬೆಳಿಗ್ಗೆ ಮಾಡಿದ ಅನ್ನವಿತ್ತು, ಮೊಸರಿತ್ತು. ಫೋನು ಇಡಬೇಡ, ಪಕ್ಕದಲ್ಲೇ ಇಟ್ಟುಕೋ ಎಂದೆ. ತಟ್ಟೆ ಇಟ್ಟ ಸದ್ದು, ಮೊಸರಿನ ಪಾತ್ರೆಯ ಮುಚ್ಚಳದ ಸದ್ದು ಕೇಳಿಸಿತು. ಅವಳು ಉಣ್ಣುತ್ತ, ಅಲ್ಲಿ ತೆಂಗಿನಕಾಯಿ ನಮ್ಮ ಕಡೆಯಷ್ಟು ದೊಡ್ಡದಿದೆಯೇ, ನನಗೆ ಹೊಟ್ಟೆಗೆ ಏನು ಸಿಕ್ಕಿತು ಎಂದು ಕೇಳುತ್ತಿದ್ದಳು. ಅಗಿದು ನುಂಗು, ಮಾತಾಡಬೇಡ ಎಂದು ನಾನು ಗದರುತ್ತಿದ್ದೆ. ಗೆರೆ ಕಾಣುತ್ತಿದೆಯಾ ಎಂದು ಕೇಳುವಷ್ಟರಲ್ಲಿ ಲೈನು ಸತ್ತಿತು. ಇಪ್ಪತ್ತು ನಿಮಿಷ ಮುಗಿದಿತ್ತು. ಗಡಿಯಾರ ಐದೂ ಐವತ್ತು. ಉಳಿದ ಎಂಟು ನಿಮಿಷದಲ್ಲಿ ಏನಾಯಿತೆಂಬುದು ಬೆಳಗಿನವರೆಗೆ ತಿಳಿಯಲಿಲ್ಲ. ಬೆಳಿಗ್ಗೆ ಅಪ್ಪನ ಸಂದೇಶ ಬಂತು: ಅಜ್ಜಿ ಉಂಡಳು, ಕೊನೆಯ ಎರಡು ತುತ್ತು ಇರುವಾಗ ಹೊತ್ತು ಮುಳುಗಿತೆಂದು ತಟ್ಟೆ ಬಿಟ್ಟು ಎದ್ದಳು.

ಇಷ್ಟು ಹೊತ್ತಿಗೆ ಜಾವಗಲ್ ದಾಟಿದೆ. ಮುಂದಿನ ಸೀಟಿನ ಹೆಂಗಸು ನನ್ನ ಡೈರಿಯನ್ನೇ ನೋಡುತ್ತಿದ್ದಾಳೆ, ಕೈ ಅಡ್ಡ ಇಟ್ಟುಕೊಂಡು ಬರೆಯುತ್ತೇನೆ.

ಈಗಿನ ಕಷ್ಟ ಹೇಳಿಬಿಡುತ್ತೇನೆ. ಹಿಂದಿನ ಸಲದ ನಂಬರನ್ನು ಅಜ್ಜಿಯ ಫೋನಿನಲ್ಲಿ ಹೆಸರು ಹಾಕಿ ಉಳಿಸಿದ್ದೆ. ಆ ಸಿಮ್ ಸತ್ತಿದೆ. ಈ ಸಲ ಹೊಸದು ಕೊಂಡರೆ ಹೊಸ ನಂಬರು, ಅದು ಏನೆಂದು ಅಲ್ಲಿ ಕೊಂಡ ಮೇಲಷ್ಟೇ ತಿಳಿಯುವುದು. ನನ್ನ ಸಿಮ್ಮಿಗೇ ರೋಮಿಂಗ್ ಹಾಕಿಸಿದರೆ ಹೆಸರು ಮೂಡುತ್ತದೆ ಎಂದು ಕಾರ್ಖಾನೆಯ ಒಬ್ಬಳು ಹೇಳುತ್ತಾಳೆ. ಮೂಡುವುದಿಲ್ಲ, ಕೆಲವು ಸಲ ಬರೀ ಪರದೇಶದ ಅಂಕಿ ಬರುತ್ತದೆ ಎಂದು ಮಂಜಣ್ಣ ಹೇಳುತ್ತಾನೆ. ಹೊರಡುವ ಮುಂಚೆಯೇ ಚಾಲೂ ಮಾಡಬೇಕೋ, ಇಳಿದ ಮೇಲೋ, ಅದಕ್ಕೂ ಇಬ್ಬರದು ಎರಡು ಮಾತು. ಎರಡು ಸಿಮ್ ಹಾಕೋಣವೆಂದರೆ ನನ್ನ ಫೋನಿನ ಎರಡನೆಯ ಗೂಡಿನಲ್ಲಿ ಮೆಮೊರಿ ಕಾರ್ಡಿದೆ, ಯಂತ್ರದ ಫೋಟೋಗಳೆಲ್ಲ ಅದರಲ್ಲಿ. ಅಜ್ಜಿಗೆ ಟಚ್ ಫೋನು ಕೊಡಿಸಿಯೂ ನೋಡಿದೆ. ಅವಳ ಬೆರಳ ತುದಿ ಎಷ್ಟು ಒರಟೆಂದರೆ, ಒತ್ತಿದ್ದು ಫೋನಿಗೆ ತಿಳಿಯುವುದೇ ಇಲ್ಲ. ಹನ್ನೊಂದು ಸಲ ಒತ್ತಿ, ಇದಕ್ಕೆ ನನ್ನ ಗುರುತು ಹತ್ತುವುದಿಲ್ಲ ಎಂದು ಪಕ್ಕಕ್ಕಿಟ್ಟಳು.

ಗೋಡೆಯ ಹಾಳೆಯನ್ನು ಕಿತ್ತುಹಾಕಿದರಾಯಿತಲ್ಲ ಎಂದು ಅಪ್ಪ ಹೇಳಿದರು. ಅಜ್ಜಿ ಅದಕ್ಕೂ ಮುಂದೆ ಹೋಗಿದ್ದಾಳೆ. ನವೆಂಬರಿನಿಂದ ಈಚೆಗೆ ಅವಳು ಯಾವ ನಂಬರು ಬಂದರೂ ಎತ್ತುತ್ತಾಳೆ. ನನ್ನ ಲೆಕ್ಕಕ್ಕೆ ಸಿಕ್ಕ ಹಾಗೆ ಅಂಥ ಕರೆ ಆರು. ಎತ್ತಬೇಡವೆಂದು ಹೇಳಿದರೆ, ಯಾರದೋ ಮಗು ಎಲ್ಲೋ ನಿಂತು ಒದ್ದಾಡುತ್ತಿರಬಹುದು, ನಂಬರು ತಪ್ಪಿ ನನಗೆ ಬಂದಿರಬಹುದು ಎನ್ನುತ್ತಾಳೆ. ಹೋದ ವಾರ ಹಿಂದಿಯಲ್ಲಿ ಬ್ಯಾಂಕಿನ ಹೆಸರು ಹೇಳಿದವನೊಬ್ಬನಿಗೆ, "ಊಟ ಆಯ್ತೇನಪ್ಪಾ, ನಿಮ್ಮನೇರಿಗೆ ಫೋನ್ ಮಾಡ್ದಾ?" ಎಂದು ಕೇಳಿದಳಂತೆ. ಅವನೇ ಇಟ್ಟುಬಿಟ್ಟ. ಪ್ರತಿಯೊಬ್ಬನೂ ಹಾಗೆ ಇಡುತ್ತಾನೆಯೇ? ಬಸ್ತಿಹಳ್ಳಿಯ ಬೀದಿಯಲ್ಲಿ ಬರಿಗಾಲಿನಲ್ಲಿ ಓಡಿದ ಆ ಮಧ್ಯಾಹ್ನ ಇನ್ನೊಮ್ಮೆ ಬರಬಾರದು. ಅದಕ್ಕೇ ಹಾಳೆಯೂ ಉಳಿಯಬೇಕು, ನನ್ನ ಕರೆಯೂ ಹೆಸರಿನೊಂದಿಗೇ ಬರಬೇಕು.

ನಿನ್ನೆ ಸಂಜೆ, ಊಟಕ್ಕೆ ಮುಂಚೆ, ಧೈರ್ಯ ಮಾಡಿ ಅಜ್ಜಿಯ ಪಕ್ಕ ಕೂತೆ. ಈ ಸಲ ನಿಯಮ ಬೇಡ, ಡಾಕ್ಟರು ಬೈಯುತ್ತಾರೆ, ನಾನು ಹೋದರೆ ಹೋದೆ, ನೀನು ಹೊತ್ತಿಗೆ ಸರಿಯಾಗಿ ಉಣ್ಣು ಎಂದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನೀನು ಆಕಾಶದಾಗೆ ಇರೋ ಹೊತ್ನಲ್ಲಿ ನಾನು ಇಲ್ಲಿ ಕೂತು ಏನ್ ಮಾಡ್ಲಿ, ಅದನ್ನಾದ್ರೂ ಹೇಳು" ಎಂದಳು. "ಉಣ್ಣೋದಂತೂ ಆಗಾಕಿಲ್ಲ. ನಿಯಮ ಅಂತ ಇದ್ರೆ ಉಣ್ಣದೆ ಇರೋಕೆ ಒಂದು ಮರ್ಯಾದೆ ಇರ್ತೈತೆ."

ಈ ಸಲ ಏನು ಬಿಡುತ್ತೀಯೆಂದು ಕೇಳಿದೆ. ಮೊಸರು ಎಂದಳು. ಡಾಕ್ಟರು ದಿನಕ್ಕೆ ಎರಡು ಹೊತ್ತು ತಪ್ಪದೆ ತಿನ್ನಿ ಎಂದು ಬರೆದುಕೊಟ್ಟಿರುವುದು ಮೊಸರನ್ನೇ. ಭಾನುವಾರ ಬೆಳಿಗ್ಗೆ ಬಸದಿಗೆ ಹೋಗುತ್ತಾಳೆ. ಅದರೊಳಗೆ ಏನಾದರೂ ಆಗಬೇಕು.

ಅರಸೀಕೆರೆ ಬಂತು. ಗಂಟೆ ಒಂಬತ್ತು ಹತ್ತು. ಈ ಪುಟಗಳನ್ನು ಇಂದೇ ಟೈಪು ಮಾಡಿ ಇಂಟರ್ನೆಟ್ಟಿಗೆ ಹಾಕುತ್ತೇನೆ, ಓದುವವರಲ್ಲಿ ತಿಳಿದವರಿದ್ದರೆ ದಯವಿಟ್ಟು ಎರಡು ಸಾಲು ಬರೆಯಿರಿ. ಪರದೇಶದಲ್ಲಿ ಯಾವ ಸಿಮ್ ಹಾಕಿದರೆ ಮನೆಯ ಬಟನ್ ಫೋನಿನಲ್ಲಿ ನಮ್ಮ ಹೆಸರೇ ಮೂಡುತ್ತದೆ? ಬೇರೆಯವರಿಂದ ಕೇಳಿದ್ದು ಬೇಡ, ನೀವೇ ಮಾಡಿ ನೋಡಿದ್ದು ಬೇಕು. ಯಾವ ತಿಂಗಳು ಮಾಡಿದಿರಿ ಎಂಬುದನ್ನೂ ಬರೆದರೆ ಒಳ್ಳೆಯದು. ಸಿಮ್ಮಿನ ವಿಷಯ ತಿಳಿಯದವರೂ ಬರೆಯಬಹುದು. ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಇಷ್ಟಪಟ್ಟು ತಿನ್ನುವಂಥದ್ದು, ಆದರೆ ಬಿಟ್ಟರೆ ಮೈಗೆ ಏನೂ ಕಡಿಮೆಯಾಗದಂಥದ್ದು, ಯಾವುದಾದರೂ ಒಂದು ಪದಾರ್ಥ ನಿಮಗೆ ಹೊಳೆದರೆ ಶನಿವಾರದೊಳಗೆ ತಿಳಿಸಿ.